ನೀರು ಹಣ್ಣಾಗುವ ತನಕ

ವರ್ಗಾವಣೆಯಾಗಿ ಹೊರಟ ಬ್ಯಾಂಕಿನ ಸಾಹೇಬರು
ಲಾರಿಗೆ ಹಿಡಿಸದ ಎರಡು ವಸ್ತು ಬಿಟ್ಟುಹೋದರು:
ಒಂದು ಮುರುಕು ಜೋಕಾಲಿ, ಮೂರಡಿ ಗಾಜಿನ ತೊಟ್ಟಿ.
ಜೋಕಾಲಿ ಗುಜರಿಗೆ ಹೋಯಿತು.
ತೊಟ್ಟಿಯನ್ನು ನಾನೂ ಮಹಾಂತಪ್ಪನೂ ಆಚೀಚೆ ಹಿಡಿದು
ಶಹಾಬಾದಿನ ಸ್ಟೇಷನ್ ರಸ್ತೆ ದಾಟಿಸಿ ತಂದೆವು.

"ಮೀನ ಎಲ್ಲಿ?" ಅಂದಳು ಕಾಶೀಬಾಯಿ.
ಇಪ್ಪತ್ತು ದಿನ ಅದೇ ಪ್ರಶ್ನೆ.

ಮೊದಲು ಸೋರುತ್ತದೋ ನೋಡಬೇಕು.
ಅಂಗಳದಲ್ಲಿ ಹಳೇ ಪೇಪರು ಹಾಸಿ, ನೀರು ತುಂಬಿ,
ರಾತ್ರಿ ಎರಡು ಸಲ ಬ್ಯಾಟರಿ ಹಿಡಿದು ಎದ್ದೆ.
ಒಂದು ಮೂಲೆಯಲ್ಲಿ ಸುದ್ದಿ ಒದ್ದೆಯಾಗಿತ್ತು.
ಸಿಲಿಕಾನ್ ಬಳಿದೆ. ಒಣಗಲು ಬಿಟ್ಟೆ. ಮತ್ತೆ ನೀರು, ಮತ್ತೆ ಬ್ಯಾಟರಿ.

ಆಮೇಲೆ ಕಾಗಿಣಾ ಹೊಳೆಯ ಮರಳು, ಎರಡು ಪುಟ್ಟಿ.
ಒಂಬತ್ತನೇ ತೊಳೆತಕ್ಕೂ ಕೆಸರೇ.
"ಅಕ್ಕಿ ಒಂದಿನಾನೂ ಹಿಂಗ ತೊಳದು ಕೊಡಲಿಲ್ಲ ನೀವು."
ಹನ್ನೊಂದನೆಯದು ತಿಳಿಯಾಯಿತು. ನಾನು ಮಾತಾಡಲಿಲ್ಲ.

ಕಲ್ಲಿಗೇನು ಬರ ನಮ್ಮೂರಲ್ಲಿ?
ಹಿತ್ತಲ ಗೋಡೆಯಿಂದ ಉದುರಿದ ನಾಲ್ಕು ಫರಸಿ ತುಂಡು
ಒಂದರ ಮೇಲೊಂದಿಟ್ಟರೆ ಮೀನಿಗೊಂದು ಗವಿ.
ಕಲಬುರಗಿಯಲ್ಲಿ ಮೀನು ಮಾರುವ ತಾಜುದ್ದೀನ್ ಭಾಯಿ
(ತಿನ್ನುವ ಮೀನಲ್ಲ) ಫೋನಿನಲ್ಲೇ ತಡೆದ:
"ನಿಂಬಿಹಣ್ಣ ಹಿಂಡ್ರಿ ಕಲ್ಲಿನ ಮ್ಯಾಲ.
ನೊರಿ ಬಂತಂದ್ರ ಒಳಗ ಇಡಬ್ಯಾಡ್ರಿ."
ಹಿಂಡಿದೆ.
ಕಲ್ಲು ಸಣ್ಣಗೆ ಬುಸುಗುಟ್ಟಿತು.

ಹೈಸ್ಕೂಲಿನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ
ಪರೀಕ್ಷಾನಳಿಕೆ ತೊಳೆದ ಕೈ ಇದು.
ಬಾಗಿಲ ಹಿಂದೆ ನಿಂತು ಕೇಳಿದ ಪಾಠವೊಂದು ನೆನಪಾಯಿತು:
ಈ ಕಲ್ಲು ಸಮುದ್ರದ ತಳವಂತೆ.
ನಮ್ಮ ಪಡಸಾಲೆ, ಬಚ್ಚಲು, ಪೊಲೀಸ್ ಠಾಣೆಯ ಕಟ್ಟೆ,
ಎಲ್ಲವೂ ಒಂದು ಕಾಲಕ್ಕೆ ನೀರಡಿಯ ರಾಡಿ.
ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು,
"ಹಂಗಾರ ಮೀನ ಎಲ್ಲಿ ಸರ? ಕಲ್ಲಿನಾಗ ಒಂದೂ ಕಾಣಂಗಿಲ್ಲ."
ಮೇಷ್ಟ್ರು ಡಸ್ಟರು ಕೆಳಗಿಟ್ಟರು:
"ಮೀನ ಇನ್ನಾ ಹುಟ್ಟಿರಲಿಲ್ಲವ್ವ."

ನಾಲ್ಕು ದಿನಕ್ಕೊಮ್ಮೆ ನಳ, ಬ್ಲೀಚಿಂಗ್ ವಾಸನೆ ಸಮೇತ.
ಕೊಡದ ಬಾಯಿ ತೆರೆದಿಟ್ಟು, ವಾಸನೆ ಹಾರಿದ ಮೇಲೆ
ಒಂದು ತಾಟಿನ ಮೇಲೆ ಸುರಿದೆ, ಮರಳು ಏಳದ ಹಾಗೆ.
ಪಂಪು ಗುರುಗುಟ್ಟಿತು, ದೀಪ ಹತ್ತಿತು.
ಯಾರೂ ಇಲ್ಲದ ಮನೆಯ ಗೃಹಪ್ರವೇಶ.

ದಿನಾ ಸಂಜೆ ಒಂದು ಚಿಟಿಕೆ ಊಟ, ಇಲ್ಲದ ಮೀನಿಗೆ.
ಅದು ಕೊಳೆಯಬೇಕು. ಕೊಳೆತದ್ದನ್ನು ತಿನ್ನುವವರು ಬರಬೇಕು.
ಅವರು ಬಿಟ್ಟದ್ದನ್ನು ತಿನ್ನಲು ಇನ್ನೊಂದು ಪಂಕ್ತಿ ಕೂಡಬೇಕು.
ಕಣ್ಣಿಗೆ ಕಾಣದವರು, ಕರೆಯದೆ ಬರುವವರು.
"ಸತ್ತವರಿಗೆ ಎಡಿ ಇಡ್ತಾರ. ನೀವು ಹುಟ್ಟದವಕ್ಕ ಇಡ್ತೀರಿ"
ಎಂದು ಕಾಶೀಬಾಯಿ ಸೆರಗು ಬಾಯಿಗಿಟ್ಟು ನಕ್ಕಳು.

ಐದನೇ ದಿನ ನೀರು ಗಂಜಿಯಂತಾಯಿತು.
"ಕೆಟ್ಟದ್ರಿ ಇದು, ಚೆಲ್ರಿ" ಅಂದ ಮಹಾಂತಪ್ಪ.
"ಸಬರ್ ಮಾಡ್ರಿ" ಅಂದ ತಾಜುದ್ದೀನ್ ಭಾಯಿ,
"ನೀರ ಹಣ್ಣಾಗಲತ್ತದ."

ಹುಲ್ಲಿನಲ್ಲಿ ಅಡಿಹಾಕಿದ ಮಾವಿನಕಾಯಿಯನ್ನು
ಕದ್ದು ಒತ್ತಿ ನೋಡುವ ಹುಡುಗನ ಹಾಗೆ
ನಳಿಕೆಗೆ ನೀರು ತುಂಬಿ, ಹನಿ ಹಾಕಿ, ಕುಲುಕಿದೆ.
ಹಸಿರು ಬಂತು: ವಿಷ.
ಹದಿನಾಲ್ಕನೇ ದಿನ ಇನ್ನೊಂದು ಶೀಶೆಯಲ್ಲಿ ನೇರಳೆ:
ಅದೂ ವಿಷವೇ, ಬಣ್ಣ ಬೇರೆ.
ಪಾಲಿಶ್ ಮಷೀನಿನ ಬಿಳಿ ಹುಡಿ ಕಿಟಕಿಯಿಂದ ಬಂದು
ನೀರ ಮೇಲೆ ಕೂರುತ್ತಿತ್ತು.
ಅವಳ ಹಳೇ ಸೀರೆ ಮುಚ್ಚಿದೆ. ಬೇಡವೆನ್ನಲಿಲ್ಲ.

ಇಪ್ಪತ್ತೊಂದನೇ ರಾತ್ರಿ ಸದ್ದಿಲ್ಲದ್ದಕ್ಕೆ ಎಚ್ಚರವಾಯಿತು.
ಕರೆಂಟು ಹೋಗಿತ್ತು, ಪಂಪು ನಿಂತಿತ್ತು.
ಕತ್ತಲಲ್ಲಿ ಸ್ಟೂಲಿನ ಮೇಲೆ ಕಾಶೀಬಾಯಿ,
ಚರಿಗೆಯಿಂದ ನೀರು ಮೊಗೆದು
ಎತ್ತರದಿಂದ ಮತ್ತೆ ಅದಕ್ಕೇ ಸುರಿಯುತ್ತಿದ್ದಾಳೆ.
"ಏನದು?"
"ಉಸಿರಾಡಾಕ ಬ್ಯಾಡೇನ್ರಿ ಅವಕ್ಕ?"
"ಮೀನ ಎಲ್ಲಿ ಅವ?"
"ಮೀನಲ್ಲ. ಆ ಕಾಣದವು."

ನಾನೂ ಒಂದು ಚರಿಗೆ ತಂದೆ.
ಏಪ್ರಿಲ್ಲಿನ ಸೆಕೆ. ಬರಿಗಾಲ ಕೆಳಗೆ ಫರಸಿ ಮಾತ್ರ ತಣ್ಣಗೆ,
ಮೀನು ಹುಟ್ಟುವ ಮೊದಲಿನ ತಂಪು.
ಮೂರೂ ನಲವತ್ತಕ್ಕೆ ಪಂಪು ಕೆಮ್ಮಿ ಎದ್ದಿತು.
ಕೈ ಒರೆಸಿಕೊಂಡು ಅವಳು ಮಲಗಲು ಹೋದಳು,
ಚರಿಗೆಯನ್ನು ತೊಟ್ಟಿಯ ಪಕ್ಕದಲ್ಲೇ ಬಿಟ್ಟು.